ಅಕ್ಕ ನೋಡಿದ ಸೊಲ್ಲಾಪುರ

ನಾನು ಸೊಲ್ಲಾಪುರಕ್ಕೆ ಬಂದ ಐದನೆಯ ದಿನ, ಸಿದ್ಧರಾಮೇಶ್ವರರ ಕೆರೆಯ ದಂಡೆಯ ಮೇಲೆ ಹೂವು ಮಾರುತ್ತ ಕೂತಿದ್ದ ಒಬ್ಬ ಮುದುಕಿ ನನ್ನನ್ನು ನೋಡಿ ನಕ್ಕಳು. ಆ ಐದು ದಿನಕ್ಕೂ ಮೊದಲು ನಾನು ಆ ಊರಿನಲ್ಲಿ ಕಾಲಿಟ್ಟವಳಲ್ಲ.

“ಭಾಳ ದಿವಸಕ್ಕ ಬಂದ್ರಲ್ಲ ನೀಲಾಬಾಯಿ,” ಅಂದಳು. “ಸೊರಗೀರಿ. ತವರಮನಿಗಿ ಹೋಗಿದ್ರೇನು?”

ನನ್ನ ಹೆಸರು ಚೆನ್ನವ್ವ. ನೀಲವ್ವ ನನ್ನ ಅಕ್ಕ. ಅವಳು ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ನಾನು ಉಟ್ಟಿದ್ದ ಸೀರೆ ಅವಳದು, ನನ್ನ ಪಕ್ಕದಲ್ಲಿ ನಿಂತಿದ್ದವರು ಅವಳ ಅತ್ತೆ. ಆ ಮುದುಕಿಯ ತಪ್ಪಾದರೂ ಏನು?

“ಅಕಿ ಅಲ್ಲವಾ,” ಅಂದರು ಅತ್ತೆ. “ಅಕಿ ತಂಗಿ. ಅಕಿ ಹೋದ್ಲು.”

ಮುದುಕಿಯ ನಗೆ ಹೋಯಿತು. ನನ್ನ ಕೊರಳನ್ನು ನೋಡಿದಳು. ಬುಟ್ಟಿಯಿಂದ ಒಂದು ಮೊಳ ಸೇವಂತಿಗೆ ತೆಗೆದು ನನ್ನ ಕೈಯಲ್ಲಿಟ್ಟು, “ರೊಕ್ಕ ಬ್ಯಾಡ, ಇದು ಅಕೀಗಿ,” ಅಂದಳು. ಹೀಗೆ ಈ ಶಹರು ನನ್ನ ಕೈಗೆ ಕೊಟ್ಟ ಮೊದಲ ವಸ್ತುವೂ ನನ್ನದಾಗಿರಲಿಲ್ಲ.

ಊರ ಕಡೆಯ ಅಕ್ಕತಂಗಿಯರು ಕೆಲವರು, ಸೊಲ್ಲಾಪುರದಲ್ಲಿ ನೋಡುವಂಥದ್ದು ಏನೇನಿದೆ, ಅಲ್ಲಿಯ ಬಾಳುವೆ ಹೇಗೆ, ಓದಿ ಹೇಳಲು ಬರುವಂತೆ ಬರೆ ಎಂದು ಹೇಳಿ ಕಳಿಸಿದ್ದಾರೆ. ಬರೆಯುತ್ತೇನೆ. ಆದರೆ ನಾನು ಈ ಊರನ್ನು ನೋಡಿದ್ದೆಲ್ಲ ಒಬ್ಬರ ಹಿಂದೆ ನಿಂತು ನೋಡಿದ್ದು. ಅದನ್ನು ಬಿಟ್ಟು ಬರೆಯಲು ನನಗೆ ಬರುವುದಿಲ್ಲ.

ಮುದುಕಿ ನನ್ನ ಕೊರಳು ನೋಡಿದ್ದು ಯಾಕೆಂದು ಹೇಳಬೇಕು. ಹೆಂಡತಿ ಸತ್ತವನಿಗೆ ಎರಡನೆಯವಳಾಗಿ ಬಂದವಳು ಕೊರಳಲ್ಲಿ ಟಾಕ ಕಟ್ಟಿಕೊಳ್ಳಬೇಕು. ಟಾಕ ಎಂದರೆ ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿಯ ತಗಡು. ಅದರ ಮೇಲೆ ಹಿಂದಿನಿಂದ ಒತ್ತಿ ಮೂಡಿಸಿದ ಒಂದು ಹೆಣ್ಣಿನ ರೂಪ. ಅದು ಮೊದಲಿನವಳು. ಹೊಸ ಸೀರೆ ಬಂದರೆ ಮೊದಲು ಟಾಕಕ್ಕೆ ಮುಟ್ಟಿಸಿ ಉಡಬೇಕು. ವರ್ಷದ ಮೊದಲ ಮಾವು, ಸುಟ್ಟ ಎಳೆಜೋಳದ ಮೊದಲ ಸೀತನಿ, ಎಲ್ಲವನ್ನೂ ಮೊದಲು ಅವಳಿಗೆ ತೋರಿಸಬೇಕು. ಇಲ್ಲದಿದ್ದರೆ ಅವಳಿಗೆ ಹೊಟ್ಟೆಕಿಚ್ಚಾಗುತ್ತದೆ ಎನ್ನುತ್ತಾರೆ. ಸತ್ತವಳ ಹೊಟ್ಟೆಕಿಚ್ಚಿಗೆ ಹೀಗೆ ಒಂದು ಉಪಾಯವಿದೆ. ಬದುಕಿದವಳದಕ್ಕೆ ಏನು ಎಂದು ಯಾರೂ ಯೋಚಿಸಿದಂತಿಲ್ಲ.

ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಎಂಟು ದಿನದ ಜ್ವರದಲ್ಲಿ ಹೋದಳು. ನಮ್ಮವರು ವಾಗದರಿಯಲ್ಲಿ ಹೊಲ ಇರುವವರು, ಅವರು ಸೊಲ್ಲಾಪುರದ ಪೇಟೆಯಲ್ಲಿ ಸೀರೆಯ ಅಂಗಡಿಯವರು. ಕೂಡಿದ ಸಂಬಂಧ ಕಡಿಯಬಾರದು ಎಂದು ಹಿರಿಯರು ಎರಡೂ ಕಡೆ ಕೂತು ಮಾತಾಡಿದರು. ನನ್ನನ್ನು ಕೇಳಿದರು ಎಂದೇ ಹೇಳಬೇಕು. ಅಪ್ಪ ಕೇಳಿದ, ನಾನು ಹ್ಞೂಂ ಅಂದೆ. ಮಾಮಾ ಎಂದು ಕರೆಯುತ್ತಿದ್ದವರನ್ನು ಮದುವೆಯಾದೆ. ಅದಾದ ಮೇಲೆ ಅವರನ್ನು ಏನೆಂದು ಕರೆಯಬೇಕೆಂದು ತಿಳಿಯದೆ, ಒಂದು ವರ್ಷ ಬರೀ “ಏನ್ರಿ” ಎಂಬುದರಲ್ಲಿಯೇ ಕಳೆದೆ.

ಬೆಳಗಿನ ಜಾವಕ್ಕೆ ವಾಗದರಿಯಿಂದ ಚಕ್ಕಡಿ ಹೂಡಿದರೆ ಅಕ್ಕಲಕೋಟ ರೋಡ್ ಸ್ಟೇಷನ್, ಅಲ್ಲಿಂದ ರೈಲು. ದೂರವೇನಲ್ಲ. ಆದರೆ ಅಲ್ಲಿ ಅಕ್ಕಲಕೋಟದ ರಾಜರ ಸಂಸ್ಥಾನ, ಇಲ್ಲಿ ಇಂಗ್ರಜಿಯವರು ಆಳುವ ಮುಲುಕ. ಅಲ್ಲಿ ಹೊತ್ತು ಮೂಡಿದರೆ ಬೆಳಗಾಗುತ್ತದೆ. ಇಲ್ಲಿ ಬಟ್ಟೆಯ ಗಿರಣಿಯ ಭೋಂಗಾ, ಎಂದರೆ ಕೂಲಿಯವರನ್ನು ಕರೆಯುವ ಉಗಿಯ ಕೊಂಬು, ಕೂಗಿದರೆ ಬೆಳಗು. ಅದು ಕೂಗಿದ ಮೊದಲ ದಿನ ಎಲ್ಲಿಯೋ ಕೋಣ ಕಡಿಯುತ್ತಿದ್ದಾರೆ ಎಂದು ಎದ್ದು ಕೂತೆ. ಅಲ್ಲಿ ಬಾವಿಗೆ ಹೋದರೆ ಕೊಡದ ನೀರಿನ ಜೊತೆ ನಾಲ್ಕು ಮಾತೂ ಬರುತ್ತಿದ್ದವು. ಇಲ್ಲಿ ನೀರು ನಳದಲ್ಲಿ, ಗೋಡೆಯೊಳಗಿಂದ ಬರುತ್ತದೆ. ಬರುವ ಹೊತ್ತು ಗೊತ್ತು, ನಿಲ್ಲುವ ಹೊತ್ತು ಗೊತ್ತು, ಮಾತಿಗೆ ಹೊತ್ತಿಲ್ಲ. ನಮ್ಮ ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಓಣಿಯ ತುದಿಯಲ್ಲಿ ನೇಕಾರರ ತೆಲುಗು. ನಮ್ಮ ಮಠದ ಅಯ್ಯನವರು ನನಗೂ ಅಕ್ಕನಿಗೂ ಮರಳಿನ ಮೇಲೆ ಕಲಿಸಿದ ಕನ್ನಡ ಅಕ್ಷರ ಈ ಪೇಟೆಯಲ್ಲಿ ಒಂದು ಅಂಗಡಿಯ ಹಲಗೆಯ ಮೇಲೂ ಕಾಣಲಿಲ್ಲ. ಜೋಳ ಮಾತ್ರ ನಮ್ಮದೇ. ಆದರೆ ಬಂದವರೆದುರು ಚಪಾತಿಯನ್ನೇ ಇಡುತ್ತಾರೆ. ರೊಟ್ಟಿಯನ್ನು ಒಳಗೆ ಕೂತು ತಿನ್ನುತ್ತಾರೆ.

ಇದೆಲ್ಲ ನನಗೆ ಹೊಸದಾಗಬೇಕಾಗಿತ್ತು, ಆದರೆ ಹೊಸದಾಗಲಿಲ್ಲ. ಯಾಕೆಂದರೆ ಅಕ್ಕ ಎಲ್ಲವನ್ನೂ ಮೊದಲೇ ಬರೆದಿದ್ದಳು.

ಮದುವೆಯಾಗಿ ಬಂದ ಮೂರು ವರ್ಷ ಅವಳು ತಪ್ಪದೆ ಕಾಗದ ಹಾಕಿದಳು. ನಮ್ಮ ಮನೆಯಲ್ಲಿ ಓದಲು ಬರುವವಳು ನಾನೊಬ್ಬಳೇ. ಸಂಜೆ ಅವ್ವ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ದೇವರ ಪ್ರಸಾದ ತಗೊಳ್ಳುವವಳ ಹಾಗೆ ನನ್ನ ಮುಂದೆ ಕೂಡುತ್ತಿದ್ದಳು. ನಾನು ಓದುತ್ತಿದ್ದೆ. ನೀರಿನ ನಡುವೆ ಗುಡಿ ಇದೆ ಅವ್ವಾ, ಅದಕ್ಕೆ ಹೋಗಲು ಕಲ್ಲಿನ ದಾರಿ ಇದೆ. ಗಿರಣಿ ಬಿಡುವ ಹೊತ್ತಿಗೆ ನಮ್ಮ ಊರಿನಂಥ ಹತ್ತು ಊರಿನ ಮಂದಿ ಒಂದೇ ಬಾಗಿಲಿನಿಂದ ಹೊರಗೆ ಬರುತ್ತಾರೆ. ಗೋಡೆಯಿಂದ ನೀರು ಬರುತ್ತದೆ. ಅವ್ವ ಕೇಳುತ್ತ ಕೇಳುತ್ತ ಮುಂದೆ ಬಾಗುತ್ತಿದ್ದಳು. ನಾನು ಎದುರಿಗೇ ಇದ್ದರೂ ಅವಳ ಕಣ್ಣು ನನ್ನ ಮೇಲಿರುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಕಾಗದದ ಮೇಲಿರುತ್ತಿತ್ತು.

ಮೂರು ಕಾಗದಗಳ ಕೊನೆಯಲ್ಲಿ ಅಕ್ಕ ಇನ್ನೊಂದು ಮಾತು ಬರೆದಿದ್ದಳು: “ಈ ಸಲ ಚೆನ್ನಿಯನ್ನು ಕಳಿಸು, ನೀನೂ ಬಾ. ನಾಲ್ಕು ದಿನ ಇರಿ. ನಾನು ಊರು ತೋರಿಸುತ್ತೇನೆ.” ಆ ಸಾಲು ಬಂದಾಗ ನಾನು ಕಾಗದ ಮಡಿಚಿ, “ಇಷ್ಟೇ ಐತಿ ಅವ್ವಾ,” ಎನ್ನುತ್ತಿದ್ದೆ. ಅವಳ ಭಾಗ್ಯವನ್ನು ನೋಡಲು ರೈಲು ಹತ್ತಿ ಹೋಗುವುದು, ಅವಳು ಮುಂದೆ ನಡೆದು ತೋರಿಸುವುದು, ನಾನು ಹಿಂದೆ ನಡೆದು ಬಾಯಿ ತೆರೆಯುವುದು ನನ್ನಿಂದ ಆಗದ ಮಾತಾಗಿತ್ತು. ಹೆಣ್ಣನ್ನು ಹೊಲಕ್ಕೆ ಕೊಟ್ಟರೆ ಹೊಲ, ಪೇಟೆಗೆ ಕೊಟ್ಟರೆ ಪೇಟೆ. ಎರಡು ವರ್ಷ ಮೊದಲು ಹುಟ್ಟಿದ್ದಕ್ಕೆ ಅವಳಿಗೆ ಪೇಟೆ ಸಿಕ್ಕಿತು ಎಂದು ನನ್ನ ಲೆಕ್ಕ. ಅವಳು ಸಾಯುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಓದುತ್ತಿದ್ದೆ. ಈ ಮಾತನ್ನೂ ನಾನು ಈಗ ಪೂರಾ ನಂಬುವುದಿಲ್ಲ.

ಇಲ್ಲಿಗೆ ಬಂದ ಮೇಲೆ ಅತ್ತೆಯವರು ಮಗನಿಗೆ, “ಹೊಸದಾಗಿ ಬಂದಾಳ, ನಾಕ ಕಡಿ ತಿರುಗಿಸಿಕೊಂಡ ಬಾ. ಮನ್ಯಾಗ ಕುಂತ್ರ ಬರೇ ಅಳ್ತಾಳ,” ಎಂದು ಹೇಳಿದರು. ಅಮಾವಾಸ್ಯೆಗೆ ಅಂಗಡಿ ಮುಚ್ಚುತ್ತಿದ್ದರು. ತಿಂಗಳಿಗೆ ಒಂದು ದಿನ ನಮ್ಮ ಮನೆಯವರು ನನ್ನನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಹೊರಡುತ್ತಿದ್ದರು. ಹೊರಡುವ ಮುಂಚೆ ಅತ್ತೆ ಬಾಗಿಲಲ್ಲಿ ನಿಂತು, “ಏನ ನೋಡಿದ್ರೂ ಮೊದಲ ಅಕೀಗಿ ತೋರ್ಸು,” ಎಂದು ಹೇಳಲು ಮರೆಯುತ್ತಿರಲಿಲ್ಲ. ಅದಕ್ಕಾಗಿ ನಾನು ಟಾಕವನ್ನು ಸೆರಗಿನ ಹೊರಗೆ ಎಳೆದು, ನೋಡಬೇಕಾದ ಕಡೆಗೆ ತಿರುಗಿಸಿ, ಒಂದು ಕ್ಷಣ ಹಿಡಿದು, ಆಮೇಲೆ ನಾನು ನೋಡಬೇಕಾಗಿತ್ತು. ತೋರಿಸುವ ಅಗತ್ಯವೇ ಇರಲಿಲ್ಲ. ಎಲ್ಲಿಗೆ ಹೋದರೂ ಅವಳು ಒಮ್ಮೆ ಬಂದು ಹೋಗಿರುತ್ತಿದ್ದಳು.

ಗಿರಣಿ ಬಿಡುವುದನ್ನು ನೋಡಲು ಹೋದೆವು. ಹಳ್ಳಿಯಿಂದ ಬಂದವರೆಲ್ಲ ಅದನ್ನು ನೋಡುತ್ತಾರೆ; ಗಿರಣಿಯವರು ನಮ್ಮಂಥವರನ್ನು ನೋಡಿ ನಗುತ್ತಾರೆ. ಬಾಗಿಲು ತೆರೆಯಿತು, ತಲೆಗೂದಲ ಮೇಲೆ ಹತ್ತಿಯ ಪುಡಿ ಹೊತ್ತುಕೊಂಡು ಗಂಡಸರು ಹೆಂಗಸರು ಹೊಳೆಯ ಹಾಗೆ ಹೊರಟರು. ಎಲ್ಲರೂ ಒಂದೇ ದಿನದಲ್ಲಿ ಮುದುಕರಾದವರಂತೆ ಕಂಡರು.

“ನೀಲಾ ಇಲ್ಲೇ ನಿಂತು ಎಣಸಾಕ ಹತ್ತಿದ್ಲು,” ಅಂದರು ನಮ್ಮ ಮನೆಯವರು. “ಅರವತ್ತರ ಮಟಾ ಎಣಿಸಿದ್ಲು. ಆಮ್ಯಾಲ ನಕ್ಕ ಬಿಟ್ಲು.”

ಅವರೂ ಆ ನೆನಪಿಗೆ ನಕ್ಕರು. ಅವರು ನಕ್ಕಿದ್ದನ್ನು ನಾನು ಮದುವೆಯಾದ ಮೇಲೆ ಅಂದೇ ಮೊದಲು ನೋಡಿದ್ದು.

ಇನ್ನೊಂದು ತಿಂಗಳು ಒಬ್ಬ ದೊಡ್ಡ ಸಾವಕಾರರ ಮನೆಯನ್ನು ಬೀದಿಯಿಂದ ನೋಡಿ ಬರಲು ಹೋದೆವು. ಅರಮನೆಯಂಥ ಮನೆ, ಗೋಡೆಯ ತುಂಬ ಗೊಂಬೆ, ಕಂಬಕ್ಕೊಂದು ಮುಖ. ಅಕ್ಕಲಕೋಟದ ನಮ್ಮ ರಾಜರ ಅರಮನೆಯನ್ನು ಹುಡುಗಿಯಾಗಿದ್ದಾಗ ನೋಡಿದ್ದೆ. ಅಲ್ಲಿ ಗೋಡೆಗೆ ಕತ್ತಿ ಬಂದೂಕು ಇರುತ್ತಿದ್ದವು, ಗೊಂಬೆ ಇರಲಿಲ್ಲ. ಇಲ್ಲಿ ಯುದ್ಧವಿಲ್ಲದೆ ಗಳಿಸಿದ್ದು ಎಂದು ಗೊತ್ತಾಗುತ್ತಿತ್ತು. ಎಡಗಡೆಯ ಒಂದು ಹೆಣ್ಣು ಗೊಂಬೆಯ ಗದ್ದ ಸ್ವಲ್ಪ ಮುಂದೆ ಬಂದಿತ್ತು. ನಮ್ಮೂರ ಗೌಡರ ಹೆಂಡತಿ ಹೀಗೇ ಗದ್ದ ಮುಂದೆ ಮಾಡಿಕೊಂಡು ಬೈಯುತ್ತಿದ್ದಳು ಎಂದು ನನಗೆ ಹೊಳೆಯಿತು. ಹೇಳಿದರೆ ಇವರು ನಗುತ್ತಾರೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು:

“ಅದ ನೋಡು, ಆ ಎಡಕಿನದು. ನೀಲಾ ಅಂತಿದ್ಲು, ನಿಮ್ಮೂರ ಗೌಡಶಾನಿ ಹಂಗ ಐತಂತ.”

ಜಾಗಗಳನ್ನು ಅವಳು ನೋಡಿದ್ದಕ್ಕೆ ನನಗೆ ಸಂಕಟವಿತ್ತು. ನನ್ನ ತಲೆಯಲ್ಲಿ ಆಗ ತಾನೇ ಹುಟ್ಟಿದ ಮಾತನ್ನೂ ಅವಳು ಮೊದಲೇ ಆಡಿ ಮುಗಿಸಿದ್ದಾಳೆ ಎಂಬುದನ್ನು ತಡೆಯಲು ಆಗಲಿಲ್ಲ. ಮನೆಗೆ ಬಂದು ಅವಳ ಸೀರೆಗಳನ್ನೆಲ್ಲ ಪೆಟ್ಟಿಗೆಯಿಂದ ಹೊರಗೆ ಹಾಕಿ, ಕೂತು ಅಳತೊಡಗಿದೆ. ಅತ್ತೆಯವರು ನೋಡಿ, ಅಕ್ಕನ ನೆನಪಾಗಿದೆ ಎಂದು ತಿಳಿದು ತಲೆ ಸವರಿದರು. ಅದೂ ಸುಳ್ಳಲ್ಲ. ನನಗೆ ಅವಳು ಬೇಕಾಗಿದ್ದಳು. ಅವಳು ಇದ್ದಿದ್ದರೆ ಜಗಳ ತೆಗೆಯಬಹುದಾಗಿತ್ತು.

ಒಂದು ದಿನ ಮಧ್ಯಾಹ್ನ ಇವರು ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ.

“ಏನ್ರಿ, ಅಕ್ಕ ನೋಡಲಾರದ್ದು ಏನರೆ ಈ ಊರಾಗ ಉಳದೈತಿ?”

“ಯಾಕ?”

“ಸುಮ್ನ ಕೇಳಿದೆ.”

ಅವರು ಮುರಿದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು. “ಬೋಲಪಟ ಐತಿ. ಅದು ಅಕಿ ಹೋದ ಮ್ಯಾಲ ಬಂತು.” ಬೋಲಪಟ ಎಂದರೆ ಪರದೆಯ ಮೇಲಿನ ಚಿತ್ರಗಳು ಬಾಯಿ ಬಿಟ್ಟು ಮಾತಾಡುವ ಆಟ.

ಒಳಗಿನಿಂದ ಅತ್ತೆ, “ಆ ಕತ್ತಲಿ ಕ್ವಾಣ್ಯಾಗ ನಮ್ಮ ಮನಿ ಹೆಣ್ಣಮಕ್ಕಳು ಕುಂಡ್ರೂದಿಲ್ಲ. ಬ್ಯಾರೆ ಏನರೆ ಇದ್ರ ಹೇಳು,” ಅಂದರು.

“ಹಂಗಾರ ಕಿಲ್ಲಾ,” ಅಂದರು ಇವರು. “ಕಿಲ್ಲಾ ನೋಡಿಲ್ಲ ಅಕಿ.” ಅಷ್ಟು ಹೇಳಿ ಕೈ ತೊಳೆದು ಎದ್ದುಬಿಟ್ಟರು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಖುಷಿಯಲ್ಲಿದ್ದ ನಾನು ಅದಕ್ಕೆ ಅರ್ಥ ಹುಡುಕಲಿಲ್ಲ.

ಸೊಲ್ಲಾಪುರದ ಕಿಲ್ಲೆ, ಎಂದರೆ ಕೋಟೆ, ಬೆಟ್ಟದ ಮೇಲಿಲ್ಲ, ನೆಲದ ಮೇಲೆಯೇ ಕೂತಿದೆ. ಕೆರೆಯ ಗುಡಿಯಿಂದ ನೋಡಿದರೆ ನೀರಿನ ಆಚೆ ಅದರ ಕಪ್ಪು ಗೋಡೆ ಕಾಣುತ್ತದೆ. ನಾನು ಎಷ್ಟೋ ಸಲ ಕಂಡಿದ್ದೆ. ಅಕ್ಕನ ಯಾವ ಕಾಗದದಲ್ಲಿಯೂ ಅದರ ಒಳಗಿನ ಮಾತಿಲ್ಲ ಎಂಬುದು ಆಗ ನೆನಪಾಯಿತು. ಹದಿನೈದು ದಿನ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ಜಾಗ. ಅಲ್ಲಿ ಇವರು “ನೀಲಾ ಹಿಂಗಂದಿದ್ಲು” ಎನ್ನಲು ಸಾಧ್ಯವಿಲ್ಲ. ಅಲ್ಲಿ ಏನು ಅಂದರೂ ನಾನೇ ಮೊದಲು ಅಂದ ಹಾಗೆ.

ಅಮಾವಾಸ್ಯೆಯ ದಿನ ತಲೆಯ ಮೇಲೆ ನೀರು ಹಾಕಿಕೊಂಡೆ. ಟಾಕವನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟೆ. ಮತ್ತೆ ಕಟ್ಟಿಕೊಳ್ಳಲಿಲ್ಲ. ಮರೆತೆ ಎಂದು ಬರೆಯಬಹುದು, ಆದರೆ ನಾನು ಮರೆತಿರಲಿಲ್ಲ. ಅತ್ತೆ ಪೂಜೆಯಲ್ಲಿದ್ದರು, ಅವರು ಬಾಗಿಲಿಗೆ ಬರುವ ಮುಂಚೆ ಸೆರಗನ್ನು ಕೊರಳು ತುಂಬ ಹೊದ್ದು ಟಾಂಗಾ ಹತ್ತಿದೆ.

ಕಿಲ್ಲೆಯ ಬಾಗಿಲು ಎತ್ತರ. ಆನೆ ನುಗ್ಗದಂತೆ ಕದದ ತುಂಬ ಕಬ್ಬಿಣದ ಮೊಳೆ. ಅಲ್ಲಿದ್ದ ಕಾವಲಿನವನಿಗೆ ಇವರು ಮರಾಠಿಯಲ್ಲಿ ಏನೋ ಹೇಳಿದರು, ಅವನು ಹೋಗಿ ಎಂದು ಕೈ ಬೀಸಿದ. ನಾನು ಮುಂದೆ ನಡೆದೆ. ಇವರು ನಿಂತರು.

“ಇಲ್ಲೇ ನಿಂತಿದ್ಲು,” ಅಂದರು.

“ಅಕ್ಕ ನೋಡಿಲ್ಲ ಅಂದ್ರಿ.”

“ಒಳಗ ನೋಡಿಲ್ಲ. ಈ ಬಾಗಲಾ ಮಟಾ ಎರಡ ಸಲ ಬಂದಾಳ. ಎರಡೂ ಸಲ ಒಲ್ಲೆ ಅಂತ ತಿರಗಿದ್ಲು.”

“ಅಂಜಿಕಿಗೇನು?”

“ಅಕಿ ಯಾತಕ್ಕ ಅಂಜಾಕಿ?” ಇವರು ಮೊಳೆಗಳನ್ನು ನೋಡುತ್ತ ಹೇಳಿದರು. “ಚೆನ್ನಿ ಬರ್ಲಿ, ಅಕಿ ಜೋಡಿ ಹೋಗ್ತೀನಿ ಅಂದ್ಲು. ಎಲ್ಲಾ ನಾನ ಮೊದಲ ನೋಡಿಬಿಟ್ರ ಅಕಿ ಮಾರಿ ಉಬ್ಬಸ್ತಾಳ. ಅಕೀಗಿ ಏನರೆ ಒಂದು ಹೊಸಾದ ಉಳೀಬೇಕು. ಅಕಿ ಹೊಟ್ಟಿಕಿಚ್ಚು ನಿಮಗ ಗೊತ್ತಿಲ್ಲ ಅಂತ ನಗ್ತಿದ್ಲು. ನೀ ಬರ್ಲೇ ಇಲ್ಲ. ಯಾಕ ಬರ್ಲಿಲ್ಲ?”

ನಾನು ಬಾಗಿಲ ಕಡೆಗೆ ತಿರುಗಿದೆ. ಆಗ ಅವರ ಕಣ್ಣು ನನ್ನ ಕೊರಳಿಗೆ ಬಂತು. ಗಾಳಿಗೆ ಸೆರಗು ಸರಿದಿತ್ತು.

“ಟಾಕ ಎಲ್ಲಿ?”

“ತಲಿ ತೊಳಕೊಂಡೆ. ಮನ್ಯಾಗ ಉಳೀತು.”

“ಇವತ್ತ ಉಳೀಬಾರದಾಗಿತ್ತು ನೋಡು,” ಅಂದರು. ಬೈದು ಹೇಳಲಿಲ್ಲ. ಬೈದಿದ್ದರೆ ಚಲೋ ಇತ್ತು.

ನಾನು ಒಳಗೆ ಹೋದೆ. ತಿರುಗಿ ಹೋಗೋಣ ಅನ್ನಬಹುದಾಗಿತ್ತು, ಅನ್ನಲಿಲ್ಲ. ಗೋಡೆ ಇತ್ತು, ಹುಲ್ಲು ಇತ್ತು, ಎಲ್ಲೋ ಒಂದು ಹಳೆಯ ಫಿರಂಗಿ ತೋಪು ಬಿದ್ದಿತ್ತು. ಬೇರೆ ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ. ಒಳಗೆಲ್ಲ ಒಂದೇ ಮಾತು ಕಿವಿಯಲ್ಲಿತ್ತು. ಅಕ್ಕನಿಗೆ ಗೊತ್ತಿತ್ತು. ನಾನು ಮುಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ ಹೊಟ್ಟೆಕಿಚ್ಚು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಮನೆಯ ಬೆಕ್ಕಿಗೆ ಹಾಲು ಎತ್ತಿಡುವ ಹಾಗೆ ಅದಕ್ಕೂ ಒಂದು ಪಾಲು ತೆಗೆದಿಟ್ಟಿದ್ದಳು. ಅವಳು ನೋಡದೆ ಉಳಿದ ಒಂದೇ ಜಾಗ ಎಂದು ಹುಡುಕಿ ಬಂದರೆ, ಅದನ್ನೂ ಅವಳೇ ನನಗೆ ಕೊಟ್ಟಿದ್ದಳು. ದುಃಖವಾಯಿತೇ ಎಂದು ಕೇಳುತ್ತೀರಿ. ಮೊದಲು ಸಿಟ್ಟು ಬಂತು.

ಮನೆಗೆ ಬಂದರೆ ಅತ್ತೆ ದೇವರ ಗೂಡಿನ ಮುಂದೆ ಕೂತಿದ್ದರು. ಟಾಕ ಅವರ ಅಂಗೈಯಲ್ಲಿತ್ತು. ಮುಂದೆ ತಟ್ಟೆಯಲ್ಲಿ ತುಪ್ಪ ಸವರಿದ ಒಂದು ತುಣುಕು ರೊಟ್ಟಿ.

“ತಗೋ,” ಅಂದರು. “ಒಬ್ಬಾಕಿನ್ನ ಬಿಟ್ಟ ಹೋಗಿದ್ದಿ. ಊಟಾ ಮಾಡ್ಸೀನಿ.” ಅವರೇ ನನ್ನ ಹಿಂದೆ ಬಂದು ದಾರ ಕಟ್ಟಿದರು. ಕಟ್ಟುವಾಗ ನನ್ನ ಬೆನ್ನ ಮೇಲೆ ಒಂದು ಬಿಸಿ ಹನಿ ಬಿತ್ತು. ಈ ಮನೆಯಲ್ಲಿ ಅಕ್ಕನಿಗಾಗಿ ಅಳುವವರು ನಾನೊಬ್ಬಳೇ ಅಲ್ಲ ಎಂಬುದನ್ನು ನಾನು ಅಷ್ಟು ದಿನ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅದಾದ ಮೇಲೆ ಒಂದು ವರ್ಷ ಹೋಯಿತು. ಈ ಊರು ನಿಧಾನವಾಗಿ ಕೈಗೆ ಬಂತು. ಹೂವಿನ ಮುದುಕಿ ನನ್ನನ್ನು ಚೆನ್ನಾಬಾಯಿ ಎನ್ನಲು ಕಲಿತಳು. ತರಕಾರಿಯವಳ ಹತ್ತಿರ ಮರಾಠಿಯಲ್ಲಿ ಚೌಕಾಶಿ ಮಾಡಿ, ಅವಳೇ ಬೇಸತ್ತು ಒಂದು ಹಿಡಿ ಹಸಿಮೆಣಸಿನಕಾಯಿ ಮೇಲೆ ಹಾಕಿದ ದಿನ ಮನೆಯ ತನಕ ನಗುತ್ತ ಬಂದೆ. ಭೋಂಗಾ ಕೂಗಿದರೆ ಈಗ ಎಚ್ಚರವಾಗುವುದಿಲ್ಲ, ಕೂಗದಿದ್ದರೆ ಆಗುತ್ತದೆ. ಊರಿಗೆ ಹೋದರೆ “ಸೊಲ್ಲಾಪುರದಾಕಿ ಬಂದ್ಲು” ಎನ್ನುತ್ತಾರೆ, ಇಲ್ಲಿ “ವಾಗದರಿಯಾಕಿ” ಎನ್ನುತ್ತಾರೆ. ಕಿಲ್ಲೆಯ ಬಾಗಿಲಲ್ಲಿ ಕೇಳಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹೊಲದಲ್ಲಿ ಜೋಳದ ರಾಶಿ ಮುಗಿದ ಮೇಲೆ ಅವ್ವ ಬಂದಳು. ಮಗಳು ಸತ್ತಾಗ ಬಂದವಳು ಆಮೇಲೆ ಇದೇ ಬಂದದ್ದು. ಒಂದು ಚೀಲ ಜೋಳದ ಹಿಟ್ಟು, ಒಂದು ಗಂಟು ಶೇಂಗಾ ಹೊತ್ತು ತಂದಿದ್ದಳು. ಕಣ್ಣಿಗೆ ಪೊರೆ ಬಂದು ಮಂಜಾಗಿತ್ತು. ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದಳು. ನಳವನ್ನು ಕೈಯಿಂದ ಮುಟ್ಟಿ ನೋಡಿ, “ನೀಲಿ ಬರದಿದ್ಲಲ್ಲ, ಗ್ವಾಡ್ಯಾಗಿನ ನೀರು. ಇದೇನ ಅದು?” ಎಂದು ಕೇಳಿದಳು. ನಾನು ಹೇಗಿದ್ದೇನೆ ಎಂದು ಆಮೇಲೆ ಕೇಳಿದಳು.

ಮರುದಿನ, “ಅಕಿ ಏನೇನ ನೋಡ್ಯಾಳ, ಅದನ್ನೆಲ್ಲಾ ತೋರ್ಸು ನನಗ,” ಅಂದಳು.

ತೋರಿಸಿದೆ. ಗಿರಣಿಯ ಬಾಗಿಲಿಗೆ ಕರೆದುಕೊಂಡು ಹೋದೆ, ಗೊಂಬೆಯ ಮನೆಗೆ ಕರೆದುಕೊಂಡು ಹೋದೆ. ಗೌಡಶಾನಿಯ ಗದ್ದದ ಮಾತು ಹೇಳಿದರೆ ಅವ್ವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, “ಅಕಿ ಅಂದ್ಲೇನು ಹಂಗ? ಅಕಿ ಬಾಯಿ,” ಎಂದು ಕಣ್ಣು ಒರೆಸಿಕೊಂಡಳು. ನನಗೂ ಹಾಗೇ ಅನಿಸಿತ್ತು ಎಂದು ಹೇಳಲು ಹೋಗಿ ಬಿಟ್ಟೆ. ವರ್ಷಕ್ಕಿಂತ ಹೆಚ್ಚು ಈ ಊರಿನಲ್ಲಿ ಬಾಳುವೆ ಮಾಡಿದವಳು ಎದುರಿಗಿದ್ದರೂ ಅವ್ವನಿಗೆ ಬೇಕಾಗಿದ್ದದ್ದು ಇಲ್ಲಿಂದ ಹೋದವಳ ಕಣ್ಣು.

ಕೊನೆಗೆ ಕೆರೆಯ ಗುಡಿಗೆ ಬಂದೆವು. ಕೈ ಮುಗಿದು ಹೊರಗೆ ಕಲ್ಲಿನ ಮೇಲೆ ಕೂತೆವು. ನೀರಿನ ಆಚೆಯ ಗೋಡೆಯ ಕಡೆಗೆ ಅವ್ವ ಕೈ ಮಾಡಿದಳು.

“ಅದೇನ, ಕರ್ರಗ ಕಾಣಸೂದು?”

“ಕಿಲ್ಲಾ, ಅವ್ವಾ.”

“ಅದನ್ನ ಅಕಿ ಬರದಿಲ್ಲಲ್ಲ?”

“ಅಕ್ಕ ನೋಡಿಲ್ಲ. ನಾ ನೋಡೀನಿ. ಬಾ, ತೋರಸ್ತೀನಿ.” ನನ್ನ ದನಿ ಸ್ವಲ್ಪ ಮೇಲೆ ಹೋಗಿತ್ತು.

“ಅಕಿ ನೋಡಿಲ್ಲಂದ್ರ ಬ್ಯಾಡ ಬಿಡು,” ಅಂದಳು ಅವ್ವ. “ಕಾಲು ನೋಯಾಕ ಹತ್ಯಾವ. ನಡಿ ಮನಿಗಿ.”

ಅವಳು ಎದ್ದಳು. ನಾನು ಏಳಲಿಲ್ಲ. ಸುಮ್ಮನಿದ್ದರೆ ಕಿಲ್ಲೆ ನನ್ನದಾಗಿಯೇ ಉಳಿಯುತ್ತಿತ್ತು, ಯಾರಿಗೂ ಬೇಡದ ನನ್ನ ಪಾಲಾಗಿ. ಹೇಳಿದರೆ ಅದೂ ಅಕ್ಕನದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ಓದದೆ ಬಿಟ್ಟದ್ದು ಅವ್ವನಿಗೆ ಗೊತ್ತಾಗುತ್ತದೆ. ನೀರಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

“ಅವ್ವಾ, ಕುಂಡ್ರು,” ಅಂದೆ. “ಅಕ್ಕ ಅದರ ಬಾಗಲಾ ಮಟಾ ಎರಡ ಸಲ ಹೋಗ್ಯಾಳ. ನಮ್ಮ ಜೋಡಿ ನೋಡಬೇಕಂತ ಒಳಗ ಹೋಗಿಲ್ಲ.”

“ನಮ್ಮ ಜೋಡಿ? ನಮ್ಮನ್ನ ಯಾವಾಗ ಕರದಿದ್ಲು?”

“ಕಾಗದದಾಗ ಕರದಿದ್ಲು. ಮೂರ ಸಲ. ಚೆನ್ನೀನ ಕಳಸು, ನೀನೂ ಬಾ ಅಂತ ಬರದಿದ್ಲು. ನಾ ಅದನ್ನ ಓದ್ಲಿಲ್ಲ ನಿನಗ. ಓದೂ ಮುಂದ ಬಿಟ್ಟೆ.”

ಅವ್ವ ಕೂತಳು. ಒಬ್ಬರು ಪ್ರದಕ್ಷಿಣೆ ಹಾಕುತ್ತ ನಮ್ಮ ಮುಂದೆ ಎರಡು ಸಲ ಹಾದುಹೋದರು.

“ನನ್ನ್ಯಾಕ ಕರಿಯಲಿಲ್ಲ ಅಕಿ, ಅಂತ ಮನಸಿನ್ಯಾಗ ಇಟಗೊಂಡಿದ್ದೆ,” ಅಂದಳು. ನನಗಲ್ಲ, ನೀರಿಗೆ ಹೇಳಿದ ಹಾಗಿತ್ತು. “ಪ್ಯಾಟಿ ಸಿಕ್ತು, ಅವ್ವ ಬ್ಯಾಡಾದ್ಲು ಅಂತ. ಸತ್ತ ಮ್ಯಾಲೂ ಆ ಸಿಟ್ಟು ಹೋಗಿರಲಿಲ್ಲ. ಅಕಿ ಮಣ್ಣಿಗಿ ಬಂದಾಗನೂ ಹೊಟ್ಟ್ಯಾಗ ಇತ್ತು. ಹಂಗೇ ಮಣ್ಣ ಹಾಕಿ ಬಂದೆ.”

ನಾನು ಅವಳ ಕಾಲು ಮುಟ್ಟಲು ಬಾಗಿದೆ. ಅವಳು ಕಾಲು ಹಿಂದೆ ಎಳೆದುಕೊಂಡಳು.

ಆಮೇಲೆ ಎದ್ದು, “ನಡಿ,” ಅಂದಳು.

“ಮನಿಗೇನು?”

“ಕಿಲ್ಲಾಕ್ಕ.”

ಅವಳು ಮುಂದೆ ನಡೆದಳು. ಮೊಳೆಯ ಬಾಗಿಲಲ್ಲಿ ನಿಲ್ಲದೆ ಒಳಗೆ ಹೋದಳು. ನನ್ನ ಕೊರಳಲ್ಲಿ ಆ ದಿನ ಟಾಕ ಇತ್ತು. ಬಾಗಿಲಲ್ಲಿ ಅದನ್ನು ಹೊರಗೆ ತೆಗೆದು ಹಿಡಿದೆ, ಅವ್ವ ನೋಡಿಯೂ ನೋಡದಂತೆ ಮುಖ ತಿರುಗಿಸಿದಳು. ಬುರುಜಿನ ಮೆಟ್ಟಿಲು ಬಂದಾಗ ಮೊದಲ ಕಲ್ಲಿಗೆ ಎಡವಿ, ನನ್ನ ಕಡೆ ನೋಡದೆ ಕೈ ಚಾಚಿದಳು. ನಾನು ಹಿಡಿದೆ. ಅವಳ ಕೈ ನನ್ನ ಕೈಗಿಂತ ಗಟ್ಟಿಯಾಗಿತ್ತು. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದೆವು.

ಗಾಳಿ ಜೋರಾಗಿತ್ತು. ಅವ್ವ ಗೋಡೆಯ ಮೇಲೆ ಕೈಯಿಟ್ಟು ಸುತ್ತ ಮುಖ ತಿರುಗಿಸಿದಳು.

“ನನಗ ಬರೇ ಮಂಜ ಕಾಣಸ್ತೈತಿ,” ಅಂದಳು. “ನೀ ನೋಡಿ ಹೇಳು. ಈ ಸಲ ಏನೂ ಬಿಡಬ್ಯಾಡ.”

ನಾನು ಹೇಳಲು ಶುರು ಮಾಡಿದೆ. ಕೆಳಗೆ ಕೆರೆ, ನಡುವೆ ಗುಡಿ, ಕಲ್ಲಿನ ದಾರಿಯ ಮೇಲೆ ಕೆಂಪು ಸೀರೆಯವಳೊಬ್ಬಳು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದಾಳೆ. ಆ ಕಡೆ ಗಿರಣಿಯ ಕೊಳವೆಗಳು; ಒಂದರಿಂದ ಹೊಗೆ ಬರುತ್ತಿದೆ, ಉಳಿದವು ಸುಮ್ಮನಿವೆ. ಒಂದು ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ್ದಾರೆ, ಕಾಗೆ ಬಂದು ಕೂತಿದೆ. ನೂಲು ಒಣಗುತ್ತಿದೆ, ನೀಲಿ ಮತ್ತು ಅರಿಶಿನ ಬಣ್ಣದ್ದು. ದೂರದಲ್ಲಿ ಬಯಲು, ಅದರಾಚೆ ಏನೂ ಇಲ್ಲ.

“ವಾಗದರಿ ಕಾಣಸ್ತೈತೇನು?”

“ಇಲ್ಲವ್ವಾ. ಇಲ್ಲಿಂದ ಕಾಣೂದಿಲ್ಲ.”

“ಅಕಿ ಮನಿ?”

“ಅಲ್ಲಿ, ಬೇವಿನ ಗಿಡದ ಬಾಜೂಕ. ಬಿಳೀ ಮಾಳಿಗಿ.” ಅವಳ ಕೈ ಹಿಡಿದು ಆ ಕಡೆಗೆ ತೋರಿಸಿದೆ.

ಅವ್ವ ಬಹಳ ಹೊತ್ತು ಆ ಕಡೆಗೇ ಮುಖ ಮಾಡಿ ನಿಂತಳು. ಆಮೇಲೆ ಕೇಳಿದಳು:

“ನಿನ್ನ ಮನಿ ಯಾವ್ದು?”

ನಾನು ಅವಳ ಕೈಯನ್ನು ಇನ್ನೊಮ್ಮೆ ಅದೇ ಮಾಳಿಗೆಯ ಕಡೆಗೆ ಎತ್ತಿ ಹಿಡಿದೆ.